ಯಾವ ನೀರಲ್ಲಿ ದೋಣಿ ಬಿಡಬಹುದು ಅಂತ ಯಾರು ತೀರ್ಮಾನ ಮಾಡುತ್ತಾರೆ?

ದಂಡೆ ಮೇಲಿನವ · ಭಾನುವಾರ, ಬೆಳಗ್ಗೆ 10:40

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಗಾಳಿ ತುಂಬುವ ಕಯಾಕ್ ತಗೊಂಡೆ. ಮಡಚಿದರೆ ಸ್ಕೂಟರ್ ಮುಂದೆ ಇಟ್ಟುಕೊಂಡು ಹೋಗಬಹುದು. ಇವತ್ತು ಬೆಳಗ್ಗೆ ಆರೂವರೆಗೆ ನಮ್ಮ ಏರಿಯಾ ಕೆರೆಗೆ ಒಯ್ದೆ. ಕೆರೆ ಹೆಸರು ಬೇಡ.

ಏರಿ ಮೇಲೆ ಹರಡಿಕೊಂಡು ಕಾಲು ಪಂಪ್ ಒತ್ತುತ್ತಿದ್ದೆ. ಪುಸ್ ಪುಸ್ ಅಂತ ಅದರದ್ದು ವಿಪರೀತ ಸದ್ದು. ವಾಕಿಂಗ್‌ನವರೆಲ್ಲ ನಿಂತರು. ಒಬ್ಬರು ಅಜ್ಜಿ "ಏನಪ್ಪಾ ಇದು, ಹಾಸಿಗೆನಾ?" ಅಂದರು. ಇನ್ನೇನು ಗಾಳಿ ತುಂಬಿತು ಅನ್ನುವಾಗ ವಾಚ್‌ಮನ್ ಸೀಟಿ ಊದಿಕೊಂಡು ಬಂದರು.

"ಸಾರ್, ಇದು ಬೋಟ್ ಓಡಿಸೋ ನೀರಲ್ಲ."

"ಮತ್ತೆ ಯಾವುದು ಬೋಟ್ ಓಡಿಸೋ ನೀರು?"

"ಅದು ನಂಗೊತ್ತಿಲ್ಲ ಸಾರ್. ಇದಂತೂ ಅಲ್ಲ."

ಗಾಳಿ ಬಿಟ್ಟು ವಾಪಸ್ ಬಂದೆ. ಆದರೆ ಆ ಪ್ರಶ್ನೆ ತಲೆಯಲ್ಲೇ ಕೂತಿದೆ. ಇಂಗ್ಲಿಷ್‌ನವರು ನ್ಯಾವಿಗಬಲ್ ಅಂತಾರಲ್ಲ, ಅದನ್ನು ಯಾರು ತೀರ್ಮಾನ ಮಾಡುತ್ತಾರೆ? ಆಳ ಇಷ್ಟಿರಬೇಕು, ಅಗಲ ಇಷ್ಟಿರಬೇಕು ಅಂತ ಎಲ್ಲಾದರೂ ಇದೆಯಾ? ಗೊತ್ತಿರುವವರು ಹೇಳಿ.

ಫಿಲ್ಟರ್ ಕಾಫಿ · 10:52

2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಪಕ್ಕದ ಲೇಔಟ್‌ಗಳಲ್ಲಿ ರಬ್ಬರ್ ದೋಣಿ ಓಡಿದ್ದವು. ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಹಾಗಾದ್ರೆ ನಮ್ಮ ರಸ್ತೆಗಳೂ ನ್ಯಾವಿಗಬಲ್ ಅಲ್ವಾ?

ಕೊನೇ ಬೆಂಚ್ ವಕೀಲ · ಮಧ್ಯಾಹ್ನ 12:15

ಕಾಫಿಯವರ ತಮಾಷೆಯಿಂದಲೇ ಶುರು ಮಾಡ್ತೀನಿ. ಅದಕ್ಕೆ ಅಮೆರಿಕದ ಕೋರ್ಟ್ 150 ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ.

ಡೇನಿಯಲ್ ಬಾಲ್ ಅಂತ ಒಂದು ಉಗಿದೋಣಿ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ನದಿಯಲ್ಲಿ ಸರಕು, ಜನ ಹೊತ್ತು ಓಡುತ್ತಿತ್ತು. ಅದಕ್ಕೆ ಬೇಕಾಗಿದ್ದ ನೀರು ಬರೀ ಎರಡು ಅಡಿ. ಕೇಂದ್ರದ ಲೈಸೆನ್ಸ್ ಇಲ್ಲ ಅಂತ 500 ಡಾಲರ್ ದಂಡ ಬಿತ್ತು. ಮಾಲೀಕರು, ನಾವು ಒಂದೇ ರಾಜ್ಯದೊಳಗೆ ಓಡಾಡೋರು, ಕೇಂದ್ರಕ್ಕೇನು ಕೆಲಸ ಅಂದರು. 1871ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನದಿ ತನ್ನ ಮಾಮೂಲಿ ಸ್ಥಿತಿಯಲ್ಲಿ, ಆ ಕಾಲದ ಮಾಮೂಲಿ ದೋಣಿಗಳಿಂದ, ವ್ಯಾಪಾರದ ಹೆದ್ದಾರಿಯಾಗಿ ಬಳಕೆಯಾಗುತ್ತಿದ್ದರೆ ಅಥವಾ ಆಗೋ ಹಾಗಿದ್ದರೆ ಅದು ನ್ಯಾವಿಗಬಲ್. ಆ ಮಾಲು ರಾಜ್ಯದ ಹೊರಗಿಂದ ಬಂದದ್ದೋ ಹೊರಗೆ ಹೋಗುವುದೋ ಆಗಿದ್ದರೆ ಕೇಂದ್ರದ ಕೈ ಅಲ್ಲಿವರೆಗೂ ಬರುತ್ತದೆ.

"ಮಾಮೂಲಿ ಸ್ಥಿತಿ" ಅನ್ನೋದೇ ಇಲ್ಲಿ ಪ್ರಾಣ. ಎರಡು ದಿನ ಮಳೆ ನೀರು ನಿಂತ ರಸ್ತೆ ಲೆಕ್ಕಕ್ಕೆ ಬರಲ್ಲ.

ಅದಕ್ಕೂ ಹಿಂದಿನ ಇಂಗ್ಲಿಷ್ ರೂಲ್ ಇನ್ನೂ ಸರಳ. ಸಮುದ್ರದ ಉಬ್ಬರ ಎಲ್ಲಿವರೆಗೆ ಏರುತ್ತದೋ ಅಲ್ಲಿವರೆಗೆ ದೋಣಿ ಬಿಡುವ ಹಕ್ಕು ಎಲ್ಲರದ್ದು. ಅದರಾಚೆಗೆ ನದಿಯ ತಳ ದಂಡೆಯ ಜಮೀನ್ದಾರನದ್ದು, ಅವನನ್ನೇ ಕೇಳಬೇಕು. ಅಮೆರಿಕದವರೂ ಮೊದಲು ಇದನ್ನೇ ಹಿಡಿದುಕೊಂಡಿದ್ದರು. ಆಮೇಲೆ ಒಂಟಾರಿಯೋ ಸರೋವರದಲ್ಲಿ ಎರಡು ಹಡಗು ಡಿಕ್ಕಿ ಹೊಡೆದುಕೊಂಡವು. ಸಮುದ್ರದಂಥ ಸರೋವರ, ಉಬ್ಬರ ಮಾತ್ರ ಇಲ್ಲ. ಆಗ ರೂಲ್ ಕೈಬಿಟ್ಟರು. ಆ ಲೆಕ್ಕ ಹಿಡಿದರೆ ಸಮುದ್ರದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮ ಬೆಂಗಳೂರಲ್ಲಿ ಒಂದು ಬಕೆಟ್ ನೀರೂ ನ್ಯಾವಿಗಬಲ್ ಆಗಲ್ಲ.

ಈಗ ನಮ್ಮ ದೇಶ. ಈ ಪದಕ್ಕೆ ಇಲ್ಲಿ ಒಂದೇ ಅರ್ಥ ಹುಡುಕಬೇಡಿ. ಯಾರು, ಯಾಕೆ ಕೇಳುತ್ತಿದ್ದಾರೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ತಳ ಯಾರದ್ದು? ಅಮೆರಿಕದಲ್ಲಿ ಇದಕ್ಕೇ ಮುಕ್ಕಾಲು ಜಗಳ, ಯಾಕಂದ್ರೆ ನ್ಯಾವಿಗಬಲ್ ಆದರೆ ತಳ ರಾಜ್ಯದ್ದು. ನಮ್ಮಲ್ಲಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ನದಿ, ಹಳ್ಳ, ಕೆರೆ, ಕಾಲುವೆ, ನಿಂತ ನೀರು, ಹರಿಯೋ ನೀರು ಎಲ್ಲವನ್ನೂ ಸರ್ಕಾರದ್ದು ಅಂತ ಬರೆದಿದೆ. ಖಾಸಗಿಯವರ ಹಕ್ಕು ಸಾಬೀತಾಗಿದ್ದರೆ ಮಾತ್ರ ಬೇರೆ. ದೋಣಿ ಹೋಗುತ್ತೋ ಇಲ್ಲವೋ, ಆ ಕಲಂ ಕೇಳುವುದಿಲ್ಲ.

ಅಧಿಕಾರ ಯಾರದ್ದು? ಇದು ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಸಂಸತ್ತು ರಾಷ್ಟ್ರೀಯ ಜಲಮಾರ್ಗ ಅಂತ ಘೋಷಿಸಿದ ನೀರಿನಲ್ಲಿ, ಅದೂ ಯಂತ್ರದಿಂದ ಓಡುವ ದೋಣಿಗಳ ವಿಷಯದಲ್ಲಿ, ಕೇಂದ್ರದ್ದು. ಬೇರೆ ಒಳನಾಡು ನೀರಲ್ಲಿ ಯಂತ್ರದ ದೋಣಿ ಸಮವರ್ತಿ ಪಟ್ಟಿಯಲ್ಲಿ. ಹುಟ್ಟು ಹಾಕೋ ದೋಣಿ, ಕಡವು ಇವೆಲ್ಲ ಹೆಚ್ಚುಕಮ್ಮಿ ರಾಜ್ಯದ್ದು. ನಮ್ಮ ಸಂವಿಧಾನ ನೋಡುವುದು ಎಂಜಿನ್ ಇದೆಯಾ ಅಂತ. ಆಳದ ಮಾತೇ ಅಲ್ಲಿಲ್ಲ.

ಒಳನಾಡು ಹಡಗುಗಳ ಕಾಯ್ದೆ, 2021 ಕೂಡ ಹಾಗೇ. 1917ರ ಬ್ರಿಟಿಷ್ ಕಾಯ್ದೆ ತೆಗೆದು ಇದನ್ನು ತಂದರು. ಎಂಜಿನ್ ಇದ್ದರೆ ಸರ್ವೆ, ನೋಂದಣಿ, ವಿಮೆ, ಓಡಿಸುವವರಿಗೆ ಪ್ರಮಾಣಪತ್ರ. ಒಳನಾಡು ನೀರು ಅಂದರೆ ಏನು ಅಂತ ಅದರಲ್ಲಿ ನೋಡಿದರೆ, ಕಾಲುವೆ, ನದಿ, ಕೆರೆ "ಅಥವಾ ಬೇರೆ ನ್ಯಾವಿಗಬಲ್ ನೀರು" ಅಂತಿದೆ. ಮನೆ ಎಲ್ಲಿ ಅಂದರೆ ದೇವಸ್ಥಾನದ ಪಕ್ಕ, ದೇವಸ್ಥಾನ ಎಲ್ಲಿ ಅಂದರೆ ಮನೆ ಪಕ್ಕ.

ದಂಡೆಯವರೇ, ನಿಮ್ಮ ಕಯಾಕ್‌ಗೆ ಎಂಜಿನ್ ಇಲ್ಲ, ಆದ್ದರಿಂದ ಇದರಲ್ಲಿ ಬಹುಪಾಲು ನಿಮಗೆ ತಾಗಲ್ಲ. ಆದರೆ ಕೆರೆ ಸರ್ಕಾರದ ಆಸ್ತಿ, ನೋಡಿಕೊಳ್ಳೋಕೆ ಒಂದು ಸಂಸ್ಥೆಗೆ ಕೊಟ್ಟಿರುತ್ತಾರೆ. ಅವರು ಬೇಡ ಅಂದರೆ ಬೇಡ. ಪಾರ್ಕಲ್ಲಿ ಟೆಂಟ್ ಹಾಕಬೇಡಿ ಅಂದ ಹಾಗೆ. ವಾಚ್‌ಮನ್ ತೀರ್ಪು ಸರಿ, ಕೊಟ್ಟ ಕಾರಣ ತಪ್ಪು.

ಸುಮ್ನೆ ಓದೋಳು · 12:31

ಕಯಾಕ್‌ಗೆ ಒಂದು ಪುಟ್ಟ ಬ್ಯಾಟರಿ ಮೋಟರ್ ಕಟ್ಟಿದರೆ?

ಕೊನೇ ಬೆಂಚ್ ವಕೀಲ · 12:34

ಮೋಟರ್ ಮೋಟರೇ ಮೇಡಂ. ಕಟ್ಟಬೇಡಿ.

ಹರಿಗೋಲು ಮನೆ · ಮಧ್ಯಾಹ್ನ 2:05

ನಮ್ಮ ತಾತ ಕಾವೇರಿಯಲ್ಲಿ ಹರಿಗೋಲು ಹಾಕುತ್ತಿದ್ದರು. ಸಂಗಮದಿಂದ ಕೆಳಗೆ, ಅರ್ಕಾವತಿ ಬಂದು ಸೇರುತ್ತಲ್ಲ, ಆ ಕಡೆ. ನಂದಿಬೆಟ್ಟದಲ್ಲಿ ಹುಟ್ಟಿ ಬೆಂಗಳೂರು ಪಕ್ಕದಲ್ಲೇ ಹಾದು ಬರೋ ನೀರು ಅದು. ನಾನೀಗ ಕೆಂಗೇರಿಯಲ್ಲಿದ್ದೇನೆ.

ಹರಿಗೋಲು ನೋಡಿಲ್ಲದವರಿಗೆ: ಬಿದಿರು ದಬ್ಬೆಯನ್ನು ಮಂಕರಿ ಥರ ಹೆಣೆಯೋದು. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ತಾತನ ಕಾಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಗುಂಡಗಿರುತ್ತದೆ, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಸರಿಯಾಗಿ ಹುಟ್ಟು ಹಾಕದಿದ್ದರೆ ನಿಂತಲ್ಲೇ ಬುಗುರಿ. ಹೊಳೆ ಜೊತೆ ಕೆಳಗೆ ಹೋದರೆ ವಾಪಸ್ ಬರುವಾಗ ತಲೆ ಮೇಲೆ ಕವುಚಿಕೊಂಡು ದಂಡೆಯಲ್ಲಿ ನಡೆದು ಬರೋದು. ದೂರದಿಂದ ಅಣಬೆ ನಡೆದು ಬಂದ ಹಾಗೆ ಕಾಣುತ್ತಿತ್ತು.

ತಾತನ ಹತ್ತಿರ ಒಂದು ಬಿದಿರು ಜಲ್ಲೆ ಇತ್ತು. ಅದರಲ್ಲಿ ಮೂರು ಕಡೆ ಕತ್ತಿಯಿಂದ ಗೀರಿದ್ದರು. ಕೆಳಗಿನ ಗೀರು ಎರಡು ಗೇಣು. ಅಷ್ಟು ನೀರಿದ್ದರೆ ನಾಲ್ಕು ಜನ ಹತ್ತಿಸಬಹುದು. ಮೇಲಿನದ್ದು ಒಂದಾಳುದ್ದ. ನೀರು ಅದನ್ನು ದಾಟಿ, ಬಣ್ಣ ಕೆಂಪಾಗಿದ್ದರೆ ಮುಗಿಯಿತು, ಹರಿಗೋಲು ಕವುಚಿ ಹಾಕಿ ಮನೆಗೆ. ಎಷ್ಟು ದುಡ್ಡು ಕೊಟ್ಟರೂ ಇಳಿಯುತ್ತಿರಲಿಲ್ಲ. ಕಾಯ್ದೆ ಯಾವುದೂ ಅವರಿಗೆ ಗೊತ್ತಿರಲಿಲ್ಲ.

ಅಂದಹಾಗೆ ಆ ಜಾಗ ಈಗ ಕಾವೇರಿ ವನ್ಯಜೀವಿ ಧಾಮ. ಕಯಾಕ್ ತಗೊಂಡು ಸುಮ್ನೆ ಹೋಗಿಬಿಡಬೇಡಿ. ಅರಣ್ಯದವರ ಅನುಮತಿ ಬೇಕು. ಮೊಸಳೆಗಳೂ ಇವೆ, ಅವುಗಳ ಅನುಮತಿ ಕೇಳೋಕೆ ಆಗಲ್ಲ.

ಕೊನೇ ಬೆಂಚ್ ವಕೀಲ · 2:40

ಆ ಜಲ್ಲೆಯ ಗೀರು ಓದಿ ಖುಷಿಯಾಯಿತು. ಡೇನಿಯಲ್ ಬಾಲ್‌ಗೆ ಎರಡು ಅಡಿ, ತಾತನಿಗೆ ಎರಡು ಗೇಣು.

ಕಾಲಲ್ಲಿ ಅಳೆಯುವ ಒಂದು ಕಾನೂನು ನಮ್ಮ ದೇಶದಲ್ಲೂ ಇತ್ತು. 1825ರಲ್ಲಿ ಬಂಗಾಳಕ್ಕೆ ಕಂಪನಿ ಸರ್ಕಾರ ಒಂದು ರೆಗ್ಯುಲೇಶನ್ ತಂದಿತು. ಅಲ್ಲಿ ನದಿಗಳು ಪಾತ್ರ ಬದಲಿಸುತ್ತಲೇ ಇರುತ್ತವೆ, ನಡುವೆ ಹೊಸ ದ್ವೀಪ ಏಳುತ್ತದೆ, ಅದು ಯಾರದ್ದು ಅಂತ ಹೊಡೆದಾಟ. ದೋಣಿ ಹೋಗುವಂಥ ದೊಡ್ಡ ನದಿಯಲ್ಲಿ ದ್ವೀಪ ಎದ್ದು, ದಡದಿಂದ ಅಲ್ಲಿಗೆ ನಡೆದು ದಾಟಲು ಆಗದಿದ್ದರೆ ಅದು ಸರ್ಕಾರದ್ದು. ವರ್ಷದ ಯಾವುದಾದರೂ ಕಾಲದಲ್ಲಿ ನಡೆದು ದಾಟಬಹುದಾದರೆ ಪಕ್ಕದ ಜಮೀನಿನವನದ್ದು. ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿ ಒಬ್ಬ ದಾಟಿ ತೋರಿಸಿದರೆ ನೂರಾರು ಎಕರೆ ಕೈ ಬದಲಾಗಬಹುದಿತ್ತು!

ನಕ್ಷೆ ನೋಡೋನು · ಸಂಜೆ 4:18

ಆಳ ಅಗಲ ಕೇಳಿದಿರಿ, ಅದು ಇದೆ. 1980ರ ರಾಷ್ಟ್ರೀಯ ಸಾರಿಗೆ ನೀತಿ ಸಮಿತಿ ಕೊಟ್ಟ ಅಳತೆ: ರಾಷ್ಟ್ರೀಯ ಜಲಮಾರ್ಗ ಆಗಬೇಕಾದರೆ ದೋಣಿ ಹೋಗುವ ದಾರಿ 45 ಮೀಟರ್ ಅಗಲ, 1.5 ಮೀಟರ್ ಆಳ ಇರಬೇಕು. ಸತತವಾಗಿ 50 ಕಿಲೋಮೀಟರ್ ಸಾಗಬೇಕು, ನಗರ ಪ್ರದೇಶಕ್ಕೆ ವಿನಾಯಿತಿ ಉಂಟು. ಆಮೇಲೆ ಜಲಮಾರ್ಗ ಪ್ರಾಧಿಕಾರ ದರ್ಜೆಗಳನ್ನು ಮಾಡಿತು. ತೀರಾ ಕೆಳಗಿನ ಒಂದನೇ ದರ್ಜೆಗೂ 1.2 ಮೀಟರ್ ಆಳ, 30 ಮೀಟರ್ ತಳದ ಅಗಲ, ಸೇತುವೆ ಕೆಳಗೆ 4 ಮೀಟರ್ ಜಾಗ ಬೇಕು.

ಆದರೆ ಈ ಅಳತೆ ನೋಡಿ ಮೋಸ ಹೋಗಬೇಡಿ. 1986ರಲ್ಲಿ ಗಂಗೆಯ 1,620 ಕಿಲೋಮೀಟರ್ ಮೊದಲನೇ ಜಲಮಾರ್ಗ ಆಯಿತು. 2016ರ ತನಕ ಒಟ್ಟು ಐದೇ ಇದ್ದವು. ಆ ವರ್ಷ ಒಂದೇ ಕಾಯ್ದೆಯಲ್ಲಿ ಇನ್ನೂ 106 ಸೇರಿಸಿ 111 ಮಾಡಿದರು. ಆರನೇ ನಂಬರ್‌ನಿಂದ ಮುಂದೆ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಜೋಡಿಸಿದ್ದಾರೆ. ಅದಕ್ಕೇ ಕಬಿನಿ 51, ಕಾಳಿ 52. ಸ್ಕೂಲ್ ಹಾಜರಿ ಪುಸ್ತಕ ನೆನಪಾಗುತ್ತದೆ. ನಮ್ಮ ರಾಜ್ಯದ ಶರಾವತಿ, ನೇತ್ರಾವತಿ, ಗುರುಪುರ, ತುಂಗಭದ್ರಾ, ಘಟಪ್ರಭಾ, ಮಲಪ್ರಭಾ ಎಲ್ಲ ಪಟ್ಟಿಯಲ್ಲಿವೆ.

ಮಲಪ್ರಭೆ ನನ್ನ ಊರ ಹೊಳೆ. ಬೇಸಿಗೆಯಲ್ಲಿ ಅದರ ಪಾತ್ರದಲ್ಲೇ ನಾವು ಕ್ರಿಕೆಟ್ ಆಡಿದ್ದೇವೆ. ಸ್ಟಂಪ್ ನೆಡೋಕೆ ಮರಳು ಒಳ್ಳೇದು. ಕಾಗದದ ಮೇಲೆ ಅದು ರಾಷ್ಟ್ರೀಯ ಜಲಮಾರ್ಗ 67. ಘೋಷಣೆ ಅಂದರೆ ಅಭಿವೃದ್ಧಿ ಮಾಡುವ ಅಧಿಕಾರ ಕೇಂದ್ರಕ್ಕೆ ಬಂತು ಅಂತ ಅಷ್ಟೇ. ನೀರು ಬಂತು ಅಂತ ಅಲ್ಲ.

ಅರ್ಕಾವತಿ, ವೃಷಭಾವತಿ ಪಟ್ಟಿಯಲ್ಲಿಲ್ಲ.

ಬಸವನಗುಡಿ ಹಳಬ · ಸಂಜೆ 5:02

ವೃಷಭಾವತಿ ಹೆಸರು ಬಂತಲ್ಲ, ಒಂದು ಮಾತು. ನಮ್ಮ ದೊಡ್ಡ ಬಸವನ ಪಾದದ ಕೆಳಗೆ ಹುಟ್ಟಿದ ಹೊಳೆ ಅಂತ ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಪಕ್ಕ ಹರಿಯುತ್ತಿದ್ದ ನೀರಲ್ಲಿ ನಮ್ಮಪ್ಪ ಕಾಲು ತೊಳೆದು ಒಳಗೆ ಹೋಗುತ್ತಿದ್ದರಂತೆ. ಆಗ ಮಳೆಗಾಲ ಬಿಟ್ಟರೆ ಮೊಣಕಾಲುದ್ದವೂ ಇರಲಿಲ್ಲವಂತೆ. ಈಗ ನೋಡಿ, ಮೇ ತಿಂಗಳಲ್ಲೂ ಹರಿಯುತ್ತದೆ. ಯಾಕೆ? ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲೆ ತರುತ್ತಾರೆ. ನಾವು ಬಳಸಿ ಬಿಡುತ್ತೇವೆ. ಅದೇ ಹೊಳೆಯಾಗಿದೆ. ವಕೀಲರೇ, ನಿಮ್ಮ "ಮಾಮೂಲಿ ಸ್ಥಿತಿ" ಯಾವುದು? ಅಪ್ಪನ ಕಾಲದ್ದಾ, ಈಗಿನದ್ದಾ?

ಕೊನೇ ಬೆಂಚ್ ವಕೀಲ · ರಾತ್ರಿ 9:10

ಹಳಬರೇ, ಊಟ ಬಿಟ್ಟು ಇದನ್ನೇ ಯೋಚಿಸುತ್ತಾ ಕೂತಿದ್ದೆ. ಮನೆಯಲ್ಲಿ ಬೈಸಿಕೊಂಡೆ.

ಅಮೆರಿಕದ ಕೋರ್ಟ್‌ಗಳು ಇಲ್ಲೇ ದಾರಿ ಕವಲೊಡೆಸಿವೆ. ತಳ ಯಾರದ್ದು ಅನ್ನೋ ಪ್ರಶ್ನೆಗೆ, ಆ ರಾಜ್ಯ ಒಕ್ಕೂಟ ಸೇರಿದ ದಿನ ನದಿ ಹೇಗಿತ್ತು ಅಂತ ನೋಡುತ್ತಾರೆ. ಮೊಂಟಾನಾ ರಾಜ್ಯ ಒಂದು ವಿದ್ಯುತ್ ಕಂಪನಿಯಿಂದ ನದಿ ತಳಕ್ಕೆ ಬಾಡಿಗೆ ಕೇಳಿತ್ತು. ಇಡೀ ನದಿಯನ್ನು ಒಟ್ಟಿಗೆ ನ್ಯಾವಿಗಬಲ್ ಅನ್ನೋ ಹಾಗಿಲ್ಲ, ತುಂಡು ತುಂಡಾಗಿ ನೋಡಿ ಅಂದಿತು 2012ರಲ್ಲಿ ಸುಪ್ರೀಂ ಕೋರ್ಟ್. ಜಲಪಾತದ ಹತ್ತಿರ ದೋಣಿ ಹೊತ್ತು ನಡೆಯಬೇಕಿತ್ತು, ಹಾಗಾಗಿ ಆ ತುಂಡು ಲೆಕ್ಕಕ್ಕಿಲ್ಲ. ನಮ್ಮ ಶರಾವತಿಗೆ ಹೊಂದಿಸಿ ನೋಡಿ. ಹೊನ್ನಾವರದ ಕಡೆ ಒಂದು ತುಂಡು, ಜೋಗದ ಗುಂಡಿ ಇನ್ನೊಂದು. ಅಲ್ಲಿಂದ ಬಿದ್ದ ದೋಣಿ ದೋಣಿಯಾಗಿ ಉಳಿಯಲ್ಲ.

ಅದೇ ಕೇಂದ್ರದ ನಿಯಂತ್ರಣದ ಪ್ರಶ್ನೆಯಾದರೆ, ಸಮಂಜಸವಾದ ಮಟ್ಟಿಗೆ ರಿಪೇರಿ ಮಾಡಿದರೆ ದೋಣಿ ಹೋಗುತ್ತೆ ಅನ್ನುವ ನದಿಯೂ ನ್ಯಾವಿಗಬಲ್ ಅಂತ 1940ರಲ್ಲಿ ಹೇಳಿದರು. ಅಂದರೆ ಒಂದೇ ನದಿ ಒಂದು ಫೈಲ್‌ನಲ್ಲಿ ಹೌದು, ಇನ್ನೊಂದು ಫೈಲ್‌ನಲ್ಲಿ ಅಲ್ಲ.

ವೃಷಭಾವತಿಗೆ ಹತ್ತಿರದ ಕಥೆ ಲಾಸ್ ಏಂಜಲೀಸ್ ನದಿಯದ್ದು. 1938ರ ಪ್ರವಾಹದ ನಂತರ ಅದರ ಬಹುಭಾಗಕ್ಕೆ ಸೈನ್ಯದ ಎಂಜಿನಿಯರ್‌ಗಳು ಕಾಂಕ್ರೀಟ್ ಹಾಕಿದರು. ಥೇಟ್ ನಮ್ಮ ರಾಜಕಾಲುವೆ. ಬೇಸಿಗೆಯಲ್ಲಿ ಹರಿಯೋ ನೀರಲ್ಲಿ ಜಾಸ್ತಿ ಪಾಲು ಸಂಸ್ಕರಿಸಿದ ಚರಂಡಿ ನೀರು. 2008ರಲ್ಲಿ ಅದೇ ಎಂಜಿನಿಯರ್ ದಳ, ಇದರಲ್ಲಿ ಒಂದೆರಡು ತುಂಡು ಬಿಟ್ಟರೆ ಉಳಿದದ್ದು ನ್ಯಾವಿಗಬಲ್ ಅಲ್ಲ ಅಂದಿತು. ಅಲ್ಲಿನ ಶುದ್ಧ ನೀರಿನ ಕಾಯ್ದೆ ಇದೇ ಪದದ ಮೇಲೆ ನಿಂತಿದೆ. ಪದ ಜಾರಿದರೆ ಉಪಕಾಲುವೆಗಳ ರಕ್ಷಣೆಯೂ ಜಾರುತ್ತದೆ. ಆಗ ಕೆಲವರು ಕಯಾಕ್ ತಗೊಂಡು ಮೂರು ದಿನ ಆ ಕಾಂಕ್ರೀಟ್ ಕಾಲುವೆಯಲ್ಲೇ ಸಮುದ್ರದವರೆಗೆ ಹೋದರು. ಆ ದಳದ್ದೇ ಒಬ್ಬ ಜೀವಶಾಸ್ತ್ರಜ್ಞೆ ಜೊತೆಗಿದ್ದರು. 2010ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಡೀ 51 ಮೈಲಿಯನ್ನೂ ನ್ಯಾವಿಗಬಲ್ ಅಂತ ಘೋಷಿಸಿತು.

ದಂಡೆಯವರೇ, ನಿಮ್ಮ ಕಾಲು ಪಂಪ್ ಅಲ್ಲಾಗಿದ್ದರೆ ಸಾಕ್ಷಿ.

ಸುಮ್ನೆ ಓದೋಳು · ರಾತ್ರಿ 9:48

ಕಥೆ ಚೆನ್ನಾಗಿದೆ ಸಾರ್. ಆದ್ರೆ ನಮಗೆ ಆ ಸರ್ಕಸ್ ಬೇಕಿಲ್ಲ. ನಾನು ಮಾಲಿನ್ಯದ ವಿಷಯದಲ್ಲೇ ಕೆಲಸ ಮಾಡೋಳು, ಇದೊಂದು ಹೇಳಲೇಬೇಕು. ನಮ್ಮ 1974ರ ಜಲಮಾಲಿನ್ಯ ಕಾಯ್ದೆಯಲ್ಲಿ "ಹೊಳೆ" ಅನ್ನೋದರೊಳಗೆ ನದಿ, ಸದ್ಯಕ್ಕೆ ಒಣಗಿದ ಹಳ್ಳ, ಸಹಜ ಅಥವಾ ಮನುಷ್ಯರು ಕಟ್ಟಿದ ಕೆರೆ, ಅಂತರ್ಜಲ ಎಲ್ಲವೂ ಸೇರಿದೆ. ದೋಣಿ ಹೋಗಬೇಕು ಅನ್ನೋ ಷರತ್ತೇ ಇಲ್ಲ. ಕಾಗದದಲ್ಲಿ ನಮ್ಮ ಕಾಯ್ದೆ ಅಮೆರಿಕದ್ದಕ್ಕಿಂತ ಅಗಲ. ಅಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಜೌಗು ಪ್ರದೇಶಗಳ ರಕ್ಷಣೆಯನ್ನು ಇನ್ನಷ್ಟು ಕಿರಿದು ಮಾಡಿತು, ಇದೇ ಪದದ ಸುತ್ತ.

ವೃಷಭಾವತಿ ಹೀಗಿರೋದು ಪದ ಸಿಗದೆ ಅಲ್ಲ.

ಫಿಲ್ಟರ್ ಕಾಫಿ · ರಾತ್ರಿ 10:05

ಗಂಭೀರ ಆಯ್ತು. ಒಂದು ಸಂಗತಿ ಹೇಳಿ ಮಲಗ್ತೀನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದ ಕ್ಯಾಟಲೀನಾ ಸಮುದ್ರ ವಿಮಾನಗಳು ಬೆಳ್ಳಂದೂರು ಕೆರೆ ಮೇಲೇ ಇಳಿಯುತ್ತಿದ್ದವು. ಇವತ್ತು ಇಳಿದಿದ್ದರೆ ನೊರೆಯಲ್ಲಿ ಹುಡುಕಬೇಕಿತ್ತು.

ಕೊನೇ ಬೆಂಚ್ ವಕೀಲ · ರಾತ್ರಿ 10:09

ನೀರಿನ ಮೇಲಿರುವಾಗ ಸಮುದ್ರ ವಿಮಾನವೂ ಹಡಗೇ ಅಂತ 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಹೇಳುತ್ತವೆ. ಶುಭರಾತ್ರಿ.

ಶರಾವತಿ ಕೆಳದಂಡೆ · ಸೋಮವಾರ, ಬೆಳಗ್ಗೆ 7:30

ಇಡೀ ಚರ್ಚೆ ಓದಿದೆ ಮಾರಾಯ್ರೆ. ನಾನು ಹೊನ್ನಾವರ ಕಡೆಯವ, ಕೆಲಸ ಪೀಣ್ಯದಲ್ಲಿ.

ಒಂದು ವಿಷಯ ಯಾರೂ ಹೇಳಲಿಲ್ಲ. ಎಂಜಿನ್ ದೋಣಿಗೆ ಇಷ್ಟೆಲ್ಲ ಕಾಗದ ಯಾಕೆ ಅಂತ ಗೊಣಗಬೇಡಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಮೀನು ಹಿಡಿಯೋ ದೋಣಿಯನ್ನೇ ಮಾರ್ಪಾಡು ಮಾಡಿದ್ದು, ಮಿತಿ ಮೀರಿ ಜನ. ಅಲ್ಲಿ ನೀರಿನದ್ದೇನೂ ತಪ್ಪಿರಲಿಲ್ಲ.

ಇನ್ನೊಂದು, ನಮ್ಮ ಮೇಲಿನ ಕಡೆ ಸಿಗಂದೂರಿಗೆ ಹೋಗುವ ಲಾಂಚ್. ಲಿಂಗನಮಕ್ಕಿ ಹಿನ್ನೀರು ಊರುಗಳನ್ನು ಮುಳುಗಿಸಿ ದಾರಿ ಕಡಿದ ಮೇಲೆ ಲಾಂಚೇ ಅವರ ರಸ್ತೆಯಾಗಿತ್ತು. ಬಸ್ಸು, ಬೈಕು, ಮದುವೆ ದಿಬ್ಬಣ ಎಲ್ಲ ಅದರ ಮೇಲೇ. 2025ರ ಜುಲೈಯಲ್ಲಿ ಸೇತುವೆ ಆಯಿತು. ವಕೀಲರು "ವ್ಯಾಪಾರದ ಹೆದ್ದಾರಿ" ಅಂದಾಗ ನನಗೆ ಕಂಡದ್ದು ಲಾಂಚ್ ಮೇಲೆ ಸಾಲಾಗಿ ಇಟ್ಟ ಹಾಲಿನ ಕ್ಯಾನು.

ದಂಡೆಯವರೇ, ಕಯಾಕ್ ಕಟ್ಟಿಕೊಂಡು ನಮ್ಮ ಕಡೆ ಬನ್ನಿ. ಅಳಿವೆಯ ನೀರು, ಉಬ್ಬರ ಏರುತ್ತದೆ. ಹಳೇ ಇಂಗ್ಲಿಷ್ ರೂಲ್‌ಗೂ ಸರಿ, 2016ರ ಪಟ್ಟಿಗೂ ಸರಿ.

ದಂಡೆ ಮೇಲಿನವ · ಸೋಮವಾರ, ರಾತ್ರಿ 8:55

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅರ್ಧ ದಿನ ರಜೆ ಹಾಕಿ ಕೆರೆ ನೋಡಿಕೊಳ್ಳುವ ಕಚೇರಿಗೆ ಹೋದೆ. ಯಾವುದು ಅಂತ ಬರೆಯಲ್ಲ. ಮೊದಲ ಟೇಬಲ್‌ನವರು "ಬೋಟಿಂಗ್ ಟೆಂಡರಾ?" ಅಂದರು. ಇಲ್ಲ ಸಾರ್, ನನ್ನದೇ ಒಂದು, ನಾನೊಬ್ಬನೇ ಅಂದೆ. ಹಾಗೆ ಕೇಳಿದವರು ಇಲ್ಲಿವರೆಗೆ ಯಾರೂ ಬಂದಿಲ್ಲವಂತೆ. ಅದಕ್ಕೆ ಅರ್ಜಿ ನಮೂನೆ ಇಲ್ಲ. ನಮೂನೆ ಇಲ್ಲದ್ದಕ್ಕೆ ಅನುಮತಿಯೂ ಇಲ್ಲ. ಬಿಳಿ ಹಾಳೆಯಲ್ಲಿ ಬರೆದುಕೊಡಿ ಅಂದರು, ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ.

ಬರುತ್ತಾ ಕೆರೆ ಹತ್ತಿರ ಅದೇ ವಾಚ್‌ಮನ್ ಸಿಕ್ಕರು. "ಬೋಟ್ ಮಾರಿಬಿಟ್ರಾ ಸಾರ್?" ಅಂದರು. ಇಲ್ಲ, ಶನಿವಾರ ಹೊನ್ನಾವರಕ್ಕೆ ಒಯ್ತೀನಿ ಅಂದೆ. ಅವರ ಹೆಂಡತಿ ಊರು ಅಂಕೋಲಾ ಅಂತೆ. ಹತ್ತು ನಿಮಿಷ ಮೀನಿನ ಬಗ್ಗೆ ಮಾತಾಡಿದೆವು.

ಶರಾವತಿಯವರೇ, ಎಷ್ಟು ಹೊತ್ತಿಗೆ ನೀರಿಗಿಳಿದರೆ ಒಳ್ಳೇದು?

ಶರಾವತಿ ಕೆಳದಂಡೆ · ರಾತ್ರಿ 9:20

ಇಳಿತದ ಹೊತ್ತಿಗೆ ಬೇಡ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದಲ್ಲಿ ಕೆಸರಿಗೆ ಕೂತುಬಿಡುತ್ತೀರಿ. ಎಳೆಯೋಕೆ ನಾನೇ ಬರಬೇಕಾಗುತ್ತದೆ. ಉಬ್ಬರ ಏರೋಕೆ ಶುರುವಾಗಿ ಒಂದು ಗಂಟೆ ಬಿಟ್ಟು ಇಳಿಯಿರಿ, ನೀರೇ ಒಳಗೆ ತಳ್ಳಿಕೊಂಡು ಹೋಗುತ್ತದೆ. ಲೈಫ್ ಜಾಕೆಟ್ ಮರೆಯಬೇಡಿ. ಶುಕ್ರವಾರ ಸಂಜೆ ಇಲ್ಲೇ ಒಂದು ಮಾತು ಹಾಕಿ, ಉಬ್ಬರದ ಟೈಮ್ ನೋಡಿ ಹೇಳುತ್ತೇನೆ.